ಬಸಿಗಾಲುವೆಗಳ ನಡುವಿನ ಅಂತರ: ಸೂತ್ರ ಮತ್ತು ಬಳಕೆ



ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ ಮುಂಗಾರು ಮಳೆ ಅತ್ಯಧಿಕ. ನಿಂತ ನೀರನ್ನು ಭತ್ತ ತಾಳಿಕೊಳ್ಳುತ್ತದೆ; ಆದರೆ ಕಬ್ಬಿನ ಬೇರುಗಳು ಬಹುದಿನ ನೀರಿನಲ್ಲಿದ್ದರೆ ಗಾಳಿ ದೊರೆಯದೆ ಕೊಳೆಯುತ್ತವೆ. ಇದಕ್ಕೆ ಬಸಿಗಾಲುವೆಯೇ ಪರಿಹಾರ. ಪಕ್ಕದ ಹೊಲದ ಅಂತರವನ್ನೇ ನೋಡಿ ಕಾಲುವೆ ತೆಗೆಯುವುದು ಸರಿಯಲ್ಲ. ಸರಿಯಾದ ಅಂತರವನ್ನು ನಿಮ್ಮ ಮಣ್ಣು ನಿರ್ಧರಿಸುತ್ತದೆ.

ಸೂತ್ರದ ಹಿನ್ನೆಲೆ

ಮರಳಿನ ಮೂಲಕ ಹಾಯುವ ನೀರಿನ ಪ್ರಮಾಣವು ನೀರಿನ ಮಟ್ಟದ ಇಳಿಕೆಗೆ ಅನುಗುಣವಾಗಿರುತ್ತದೆ ಎಂಬುದನ್ನು ಫ್ರಾನ್ಸಿನ ಎಂಜಿನಿಯರ್ ಡಾರ್ಸಿ 1856ರಲ್ಲಿ ಪ್ರಕಟಿಸಿದರು. ಈ ನಿಯಮದೊಂದಿಗೆ ನೀರಿನ ಜಮಾ-ಖರ್ಚನ್ನು ಸೇರಿಸಿದಾಗ ಆಂಶಿಕ ಅವಕಲ ಸಮೀಕರಣ ದೊರೆಯುತ್ತದೆ. ಸ್ಥಳದಿಂದ ಸ್ಥಳಕ್ಕೆ, ದಿನದಿಂದ ದಿನಕ್ಕೆ ಅಂತರ್ಜಲ ಮಟ್ಟ ಹೇಗೆ ಬದಲಾಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಮಳೆ ಏಕರೂಪವಾಗಿದ್ದು ಮಟ್ಟ ಸ್ಥಿರಗೊಂಡಿದೆ, ಹರಿವು ಬಹುಮಟ್ಟಿಗೆ ಅಡ್ಡಲಾಗಿದೆ ಎಂದು ಭಾವಿಸಿದರೆ ಕಂಪ್ಯೂಟರ್ ಇಲ್ಲದೆಯೇ ಅದನ್ನು ಬಿಡಿಸಬಹುದು. ಆಗ ಎರಡು ಕಾಲುವೆಗಳ ನಡುವೆ ನೀರಿನ ಮಟ್ಟವು ಕಮಾನಿನಂತೆ ಉಬ್ಬಿರುವುದು ಕಂಡುಬರುತ್ತದೆ. ನೀರು ಇಳಿಯದ ಗಟ್ಟಿ ಪದರದವರೆಗೆ ತೆಗೆದ ಕಾಲುವೆಗಳಿಗೆ ಸೂತ್ರ ಹೀಗಿದೆ:

ಅಂತರ × ಅಂತರ = 4 × ಹ × (ಮ × ಮ − ಕ × ಕ) ÷ ಬ

• ಹ: ಮಣ್ಣಿನಲ್ಲಿ ನೀರು ಹಾಯುವ ಗುಣ (ದಿನಕ್ಕೆ ಮೀಟರ್)
• ಮ: ಕಾಲುವೆಗಳ ನಟ್ಟನಡುವೆ ಗಟ್ಟಿ ಪದರದಿಂದ ನೀರಿನ ಎತ್ತರ (ಮೀಟರ್)
• ಕ: ಕಾಲುವೆಯೊಳಗಿನ ನೀರಿನ ಎತ್ತರ (ಮೀಟರ್)
• ಬ: ದಿನಕ್ಕೆ ಬಸಿಯಬೇಕಾದ ನೀರು (ಮೀಟರ್)

ಉದಾಹರಣೆ

ಗಟ್ಟಿ ಪದರ 1.5 ಮೀ. ಆಳದಲ್ಲಿದೆ; ಮೇಲಿನ 0.6 ಮೀ. ಮಣ್ಣು ನೀರಿನಿಂದ ಮುಕ್ತವಾಗಿರಬೇಕು ಎಂದುಕೊಳ್ಳೋಣ. ಆಗ ಮ 0.9 ಮೀ. ಆಗುತ್ತದೆ. ಕ 0.5 ಮೀ., ಹ 0.5, ಬ 0.005 (5 ಮಿ.ಮೀ.) ಇದ್ದರೆ ಉತ್ತರ 224, ಅದರ ವರ್ಗಮೂಲ, ಅಂದರೆ ಅಂತರ, ಸುಮಾರು 15 ಮೀ. ಹ ನಾಲ್ಕನೇ ಒಂದು ಭಾಗಕ್ಕೆ, ಅಂದರೆ 0.125ಕ್ಕೆ ಇಳಿದರೆ ಅಂತರ 7.5 ಮೀ. ಮಾತ್ರ. ಇಂತಹ ಜಿಗುಟು ಮಣ್ಣಿನಲ್ಲಿ 15 ಮೀ.ಗೊಂದು ಕಾಲುವೆ ತೆಗೆದರೆ ಖರ್ಚು ಮಾಡಿಯೂ ನಡುವಿನ ಬೆಳೆ ಉಳಿಯುವುದಿಲ್ಲ.

ಗಮನಿಸಬೇಕಾದ ಅಂಶಗಳು

1. ಹ ಬೆಲೆಯನ್ನು ಊಹಿಸಬೇಡಿ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಆಗರ್‌ನಿಂದ ಕುಳಿ ಕೊರೆದು, ಮಟ್ಟ ನಿಂತ ಮೇಲೆ ನೀರನ್ನು ಹೊರತೆಗೆದು, ಅದು ಮತ್ತೆ ಏರುವ ವೇಗವನ್ನು ಅಳೆಯಬೇಕು. ಹೊಲದ ಹಲವು ಕಡೆ ಅಳೆಯುವುದು ಅವಶ್ಯ.
2. ಕಾಲುವೆ ಗಟ್ಟಿ ಪದರವನ್ನು ಮುಟ್ಟದಿದ್ದರೆ ಈ ಸೂತ್ರ ಅನ್ವಯಿಸುವುದಿಲ್ಲ. ಹೂಗೌಟ್ ಸೂತ್ರವನ್ನು ಬಳಸಬೇಕು.
3. ಹೊರಹರಿವಿನ ದಾರಿಯನ್ನು ಮೊದಲು ನೋಡಿ. ಬೆಳಗಾವಿ ನಗರದ ಅಂಚಿನ ಬಳ್ಳಾರಿ ನಾಲೆ ತುಂಬಿದಾಗ ಆಸುಪಾಸಿನ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಕಾಲುವೆಯ ನೀರು 0.9 ಮೀ.ಗೆ ಏರಿದರೆ ಮ ಮತ್ತು ಕ ಸಮವಾಗಿ ಮೇಲಿನ ಲೆಕ್ಕದ ಉತ್ತರ ಸೊನ್ನೆಯಾಗುತ್ತದೆ. ಅಂದರೆ ಎಷ್ಟು ಹತ್ತಿರ ಕಾಲುವೆ ತೆಗೆದರೂ ಪ್ರಯೋಜನವಿಲ್ಲ. ನಾಲೆಯ ಹೂಳೆತ್ತುವ ಕೆಲಸವೇ ಮೊದಲಾಗಬೇಕು.

ವಿಸ್ತರಣಾ ಕಾರ್ಯಕರ್ತರು ಒಂದೇ ಅಂತರವನ್ನು ಇಡೀ ಗ್ರಾಮಕ್ಕೆ ಶಿಫಾರಸು ಮಾಡದೆ, ಪ್ರತಿ ಹೊಲದ ಅಳತೆಯ ನಂತರವೇ ಸಲಹೆ ನೀಡುವುದು ಸೂಕ್ತ.