ಸಂಪರ್ಕ ಕಡಿದಾಗ ಗಣಕಯಂತ್ರದ ವೇಳೆ

ಗಣಕಯಂತ್ರದ ಪರದೆಯ ಮೂಲೆಯಲ್ಲಿ ಕಾಣುವ ವೇಳೆಯನ್ನು ನಾವು ಪ್ರಶ್ನಿಸದೆ ನಂಬುತ್ತೇವೆ. ಆ ವೇಳೆ ಎರವಲಿನದೆಂಬುದು ಅಂತರ್ಜಾಲದ ಸಂಪರ್ಕ ಕಡಿದಾಗಲೇ ತಿಳಿದುಬರುವುದು.

ಭಾರತೀಯ ಕಾಲಮಾನವನ್ನು ಕಾಯುವ ಹೊಣೆ ನಮ್ಮ ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಸೀಸಿಯಂ ಪರಮಾಣುವಿನ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳಿಗೆ ಒಂದು ಸೆಕೆಂಡೆಂಬುದು ಅಲ್ಲಿಯ ಲೆಕ್ಕ. ಗಣಕಯಂತ್ರದೊಳಗಾದರೋ ಇರುವುದು ಅಗ್ಗದ ಸ್ಫಟಿಕದ ಚೂರು. ಅದು ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡುಗಳ ವ್ಯತ್ಯಾಸ. ಸಂಪರ್ಕವಿರುವಾಗ ಯಂತ್ರವು ಕಾಲದ ಸರ್ವರನ್ನು ಆಗಾಗ ವೇಳೆ ಕೇಳಿ, ಪ್ರಶ್ನೋತ್ತರಗಳು ದಾರಿಯಲ್ಲಿ ಕಳೆದ ಹೊತ್ತಿನ ಅರ್ಧವನ್ನು ಕೂಡಿಸಿ, ತನ್ನನ್ನು ತಿದ್ದಿಕೊಳ್ಳುತ್ತದೆ. ಡೇವಿಡ್ ಮಿಲ್ಸ್ ಅವರು 1985ರಲ್ಲಿ ಪ್ರಕಟಿಸಿದ ಕ್ರಮವಿದು.

ಸಂಪರ್ಕ ಮರಳಿದೊಡನೆ ಎಲ್ಲವೂ ಸರಿಹೋಗುವುದೆಂದು ಭಾವಿಸುವಂತಿಲ್ಲ. ಯಮುನೆಯಾಚೆಯ ಶಾಖೆಯೊಂದರಲ್ಲಿ ನಾನಿದ್ದಾಗ ಒಮ್ಮೆ ವಿದ್ಯುತ್ತೂ ಸಂಪರ್ಕವೂ ಜೊತೆಯಾಗಿ ಹೋದವು. ಮರಳಿ ಬಂದಾಗ ಒಂದು ಯಂತ್ರ ಮಾತ್ರ ಸುರಕ್ಷಿತ ಪುಟಗಳನ್ನು ತೆರೆಯಲೊಲ್ಲದು. ತಂತಿಯನ್ನು ಅನುಮಾನಿಸಿ ಒಂದು ಗಂಟೆ ಕಳೆದೆವು. ನೋಡಿದರೆ ಒಳಗಿನ ಬಿಲ್ಲೆಯಾಕಾರದ ಬ್ಯಾಟರಿ ತೀರಿ, ದಿನಾಂಕ ಅನೇಕ ವರ್ಷ ಹಿಂದೆ ಸರಿದಿತ್ತು. ದೂರದ ಸರ್ವರಿನ ಪ್ರಮಾಣಪತ್ರ ಆ ದಿನಾಂಕಕ್ಕೆ ಇನ್ನೂ ಹುಟ್ಟಿಯೇ ಇರಲಿಲ್ಲ! ವೇಳೆಯನ್ನು ಕೇಳಿ ತಿದ್ದಿಕೊಳ್ಳಬಾರದೆ ಎಂದರೆ, ಮಿಲ್ಸರ ಕ್ರಮದ ಪ್ರಸಿದ್ಧ ತಂತ್ರಾಂಶವು ಸಾಮಾನ್ಯವಾಗಿ ಸಾವಿರ ಸೆಕೆಂಡುಗಳನ್ನು ಮೀರಿದ ಅಂತರವನ್ನು ಕಂಡರೆ ತಿದ್ದದೆ ನಿಂತುಬಿಡುತ್ತದೆ. ಅಷ್ಟು ದೊಡ್ಡ ತಪ್ಪು ಯಾರದೆಂದು ಮನುಷ್ಯನೇ ನಿರ್ಣಯಿಸಲೆಂಬುದು ಅದರ ಆಶಯ, ಉಚಿತವೇ ಸರಿ.

ಲೆಕ್ಕಪತ್ರದವರಿಗೆ ಇನ್ನೂ ಸೂಕ್ಷ್ಮವಾದುದು ಮುಂದೋಡಿದ ಗಡಿಯಾರ. ಅದನ್ನು ಥಟ್ಟನೆ ಹಿಂದಕ್ಕೆಳೆದರೆ, 10.05ಕ್ಕೆ ಜಮೆಯಾದ ಹಣದಿಂದ ಆಮೇಲೆ ಮಾಡಿದ ಪಾವತಿಗೆ 10.04ರ ಮುದ್ರೆ ಬೀಳಬಹುದು. ಹಣವಿಲ್ಲದ ಖಾತೆಯಿಂದ ಅಧಿಕಾರಿ ಹಣ ಕೊಟ್ಟನೆಂದು ದಾಖಲೆ ನುಡಿಯುತ್ತದೆ. ವಿಚಾರಣೆಯಲ್ಲಿ ನಂಬುವುದು ದಾಖಲೆಯನ್ನೇ. ಆದಕಾರಣ ಗಡಿಯಾರವನ್ನು ಹಿಂದಕ್ಕೆ ಜಿಗಿಸದೆ, ಅದರ ನಡಿಗೆಯನ್ನು ಎರಡು ಸಾವಿರದಲ್ಲೊಂದು ಪಾಲಿನಷ್ಟು ನಿಧಾನಿಸುವ ಏರ್ಪಾಡುಂಟು. ಒಂದು ಸೆಕೆಂಡಿನ ತಪ್ಪು ತೀರಲು ಸುಮಾರು 33 ನಿಮಿಷ ಬೇಕು.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ಸಂಸ್ಥೆಗಳ ಗಡಿಯಾರಗಳು ಪೂಸಾದ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಕಾಲಕ್ಕೆ ಹೊಂದಿರಬೇಕೆಂದು ವಿಧಿಸಿದೆ. ನಮ್ಮ ಶಾಖೆಯ ಯಂತ್ರಕ್ಕೆ ಅಂದು ಬೇಕಾದದ್ದು ಹೊಸ ಬ್ಯಾಟರಿ, ಮತ್ತು ಕೈಯಾರೆ ತಿದ್ದಿದ ದಿನಾಂಕ.