ಜ್ವರ ಇಲ್ಲ ಅಂದ ಮಾತ್ರಕ್ಕೆ ಕೂಸು ಹುಷಾರಾಗಿದೆ ಅಂತಲ್ಲ

ನಮಗೆ ಸೋಂಕು ತಗುಲಿದರೆ ಮೈ ಸುಡುತ್ತೆ, ಚಳಿ ಬರುತ್ತೆ. ಆಫೀಸಿಗೆ ರಜೆ ಹಾಕಿ, ಡೋಲೋ ನುಂಗಿ ಮಲಗ್ತೀವಿ. ಹತ್ತು ದಿನದ ಕೂಸಿನ ಕಥೆ ಬೇರೆ. ರಕ್ತದಲ್ಲಿ ಸೋಂಕು ಹಬ್ಬುತ್ತಿದ್ದರೂ ಅದಕ್ಕೆ ಜ್ವರವೇ ಬಾರದೆ ಇರಬಹುದು. ಎಷ್ಟೋ ಸಲ ಮೈ ತಣ್ಣಗಾಗುತ್ತೆ. ಅಳುವುದು ಕಡಿಮೆಯಾಗಿ ಸುಮ್ಮನೆ ಮಲಗಿರುತ್ತೆ. ನೋಡಲು ಬಂದವರು ‘ಎಷ್ಟು ಸಾಧು ಮಗು’ ಅಂತ ಹೊಗಳಿ ಹೋಗ್ತಾರೆ.

ನಮ್ಮ ಅಜ್ಜಿಯಂದಿರು ನಂಜು ಅನ್ನುತ್ತಿದ್ದರು, ಡಾಕ್ಟರುಗಳು ಸೆಪ್ಸಿಸ್ ಅನ್ನುತ್ತಾರೆ. ಸೋಂಕನ್ನು ಎದುರಿಸಲು ಹೊರಟ ದೇಹದ ಪ್ರತಿಕ್ರಿಯೆಯೇ ಹದ ತಪ್ಪಿ ಶ್ವಾಸಕೋಶ, ಕಿಡ್ನಿ, ಮೆದುಳಿಗೆ ಪೆಟ್ಟು ಕೊಡುವ ಸ್ಥಿತಿ ಅದು. ಹುಟ್ಟಿದ ಮೊದಲ 28 ದಿನಗಳಲ್ಲಿ ಇದು ಗಂಟೆಗಳ ಲೆಕ್ಕದಲ್ಲಿ ಬಿಗಡಾಯಿಸಬಹುದು.

ನನ್ನ ತಂಗಿಯ ಬಾಣಂತನ ನಡೆದದ್ದು ವಿಜಯನಗರದ ನಮ್ಮ ಮನೆಯಲ್ಲೇ. ಒಂಬತ್ತನೇ ದಿನ ಬೆಳಿಗ್ಗೆಯಿಂದ ಮಗು ಎರಡು ಸಲ ಹಾಲು ಬಿಟ್ಟಿತು. ಥರ್ಮಾಮೀಟರ್ ಇಟ್ಟರೆ 95.4. ‘ಜ್ವರ ಇಲ್ವಲ್ಲ, ಸಂಜೆವರೆಗೂ ನೋಡೋಣ’ ಅಂದರು ಪಕ್ಕದ ಮನೆಯವರು. ಅಮ್ಮ ಮಾತ್ರ ಅಂಗಾಲು ಮುಟ್ಟಿ ನೋಡಿ, ‘ಕಾಲು ತಣ್ಣಗಿದೆ ಕಣೇ, ಅಳೋಕೂ ತ್ರಾಣ ಇಲ್ಲ ಇದಕ್ಕೆ. ನಡೀರಿ’ ಅಂದರು. ಆಸ್ಪತ್ರೆಯಲ್ಲಿ ಮೊದಲು ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದರು. ವರದಿಗೆ ಕಾಯದೆ ಆ್ಯಂಟಿಬಯಾಟಿಕ್ ಶುರು ಮಾಡಿದರು. ಹದಿನಾಲ್ಕು ದಿನ ಎನ್‌ಐಸಿಯು. ಈಗ ಆ ಪೋರ ಮನೆ ತುಂಬ ಓಡಾಡ್ತಾನೆ.

ಕೂಸಿಗೆ ಹೀಗೇಕೆ ಆಗುತ್ತೆ?

ನಮ್ಮ ದೇಹದಲ್ಲಿ ಎರಡು ಬಗೆಯ ಕಾವಲು ಇದೆ. ಒಂದು, ಕಂಡ ರೋಗಾಣುವನ್ನು ನೆನಪಿಟ್ಟುಕೊಂಡು ಹೋರಾಡುವುದು. ಲಸಿಕೆ ಕಲಿಸುವುದು ಇದಕ್ಕೇ. ಇನ್ನೊಂದು, ಯಾರೂ ಕಲಿಸದೆ ಹುಟ್ಟಿನಿಂದಲೇ ಬರುವ ಸಹಜ ರೋಗನಿರೋಧಕ ಶಕ್ತಿ. ಹಸುಳೆಗೆ ಇನ್ನೂ ಯಾವ ರೋಗಾಣುವಿನ ಪರಿಚಯವೂ ಇಲ್ಲ. ಹಾಗಾಗಿ ಭಾರವೆಲ್ಲ ಈ ಎರಡನೆಯದರ ಮೇಲೆ. ಅದೂ ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ರೋಗಾಣುವನ್ನು ನುಂಗುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳ ದಾಸ್ತಾನು ನವಜಾತ ಶಿಶುವಿನಲ್ಲಿ ಕಡಿಮೆ. ದೊಡ್ಡ ಸೋಂಕು ಬಂದರೆ ಬೇಗ ಖಾಲಿಯಾಗುತ್ತೆ. ಸೋಂಕಿನ ಜಾಗಕ್ಕೆ ಅವು ತಲುಪುವುದೂ ನಿಧಾನ. ‘ಇದು ಶತ್ರು’ ಎಂದು ರೋಗಾಣುವಿಗೆ ಗುರುತು ಹಾಕುವ ಕಾಂಪ್ಲಿಮೆಂಟ್ ಪ್ರೋಟೀನುಗಳು ದೊಡ್ಡವರಲ್ಲಿ ಇರುವುದರ ಅರ್ಧದಷ್ಟು ಇರಬಹುದು. ತಾಯಿಯ ಐಜಿಜಿ ಪ್ರತಿಕಾಯಗಳು ಮಾಸುಚೀಲದ ಮೂಲಕ ಮಗುವಿಗೆ ಸಿಗುವುದು ಹೆಚ್ಚಾಗಿ ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಆ ಗಂಟೂ ಪೂರ್ತಿ ಕೈಸೇರಿರುವುದಿಲ್ಲ. ಅದರ ಚರ್ಮವೂ ತೆಳು. ಮೈಯ ಶಾಖ ಕಾಪಾಡಿಕೊಳ್ಳುವ ಶಕ್ತಿಯೇ ಕಡಿಮೆ ಇರುವಾಗ ಜ್ವರ ಎಲ್ಲಿಂದ ಬರಬೇಕು?

ಮಾತ್ರೆ ಕೊಟ್ಟು ತಡೆಯಬಹುದಾ?

ಇದನ್ನು ಪರೀಕ್ಷಿಸಿದವರಲ್ಲಿ ನಮ್ಮ ಬೆಳಗಾವಿಯ ವೈದ್ಯರೂ ಇದ್ದಾರೆ. ಏಳು ದೇಶಗಳ 29 ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹೆರಿಗೆ ನೋವಿನ ಹೊತ್ತಿನಲ್ಲಿ ಒಂದೇ ಒಂದು ಡೋಸ್ ಅಜಿತ್ರೋಮೈಸಿನ್ ಕೊಟ್ಟಾಗ ತಾಯಂದಿರಲ್ಲಿ ಸೆಪ್ಸಿಸ್ ಅಥವಾ ಸಾವಿನ ಪ್ರಮಾಣ ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಮಕ್ಕಳಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ.

ದೆಹಲಿಯ ಮೂರು ಆಸ್ಪತ್ರೆಗಳ ಎನ್‌ಐಸಿಯುಗಳಲ್ಲಿ 13,530 ಶಿಶುಗಳನ್ನು ಗಮನಿಸಿದ ಅಧ್ಯಯನ 2016ರಲ್ಲಿ ಬಂತು. ಅವರಲ್ಲಿ ಶೇ 14.3 ಶಿಶುಗಳಿಗೆ ಸೆಪ್ಸಿಸ್ ಆಗಿತ್ತು. ಸಿಕ್ಕ ರೋಗಾಣುಗಳಲ್ಲಿ ಹಲವು ಮಾಮೂಲಿ ಔಷಧಗಳಿಗೆ ಬಗ್ಗದಂಥವು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಎರಡು ಹನಿ ಸಿರಪ್ ಹಾಕುವುದು ಯಾಕೆ ಬೇಡ ಅನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ.

ಕೆಲಸಕ್ಕೆ ಬರುವುದು ಸಾದಾ ಸಂಗತಿಗಳೇ. ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಐಜಿಎ ಪ್ರತಿಕಾಯ, ಲ್ಯಾಕ್ಟೋಫೆರಿನ್, ಲೈಸೋಜೈಮ್ ಇರುತ್ತವೆ. ಮಗುವಿನಲ್ಲಿ ಕೊರತೆಯಿರುವ ಕಾವಲನ್ನು ಅಮ್ಮ ಎರವಲು ಕೊಟ್ಟಂತೆ. ಅದಕ್ಕೆ ಮೊದಲು ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದು ಬೇಡ. ತೂಕ ಕಡಿಮೆ ಇರುವ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒತ್ತಿ ಇಡುವ ಕಾಂಗರೂ ಆರೈಕೆ 2021ರ ಬಹುದೇಶ ಅಧ್ಯಯನದಲ್ಲಿ ಸಾವನ್ನು ಸುಮಾರು ಶೇ 25 ತಗ್ಗಿಸಿತು, ಸೆಪ್ಸಿಸ್ ಶಂಕೆಯ ಪ್ರಕರಣಗಳೂ ಕಡಿಮೆಯಾದವು.

ಹೊಕ್ಕುಳಬಳ್ಳಿಗೆ ಎಣ್ಣೆ, ಅರಿಶಿನ, ಬೂದಿ ಏನೂ ಹಚ್ಚಬೇಡಿ, ಒಣಗಲು ಬಿಡಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಅದು ಬೀಳುತ್ತೆ. ತಿಂಗಳಾದರೂ ಬೀಳದೆ, ಸುತ್ತ ಕೆಂಪಾಗಿ ಮತ್ತೆ ಮತ್ತೆ ಸೋಂಕಾದರೆ ಡಾಕ್ಟರಿಗೆ ಹೇಳಲೇಬೇಕು. ಬಿಳಿರಕ್ತಕಣಗಳು ಸೋಂಕಿನ ಜಾಗಕ್ಕೆ ಹೋಗಲಾಗದ ಅಪರೂಪದ ಆನುವಂಶಿಕ ಕಾಯಿಲೆಯೊಂದರ ಸುಳಿವು ಅದು. ಸೋದರಮಾವ, ಅತ್ತೆ ಮಗನಂಥ ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ.

ನಮ್ಮ ಹಳೆಯ ಕ್ರಮಗಳೆಲ್ಲ ತಪ್ಪು ಅಂತ ನಾನು ಹೇಳಲ್ಲ. ಪುರುಡಿನ ಹನ್ನೊಂದು ದಿನ ಬಾಣಂತಿ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಾರಣ ಬೇರೆ ಇದ್ದರೂ ಕೂಸಿಗೆ ಅದರಿಂದ ಒಳ್ಳೆಯದೇ ಆಗಿರಬೇಕು. ಆಫೀಸಿನ ಗೆಳೆಯರು ಗಿಫ್ಟ್ ಹಿಡಿದು ಬರುವುದು ಒಂದು ತಿಂಗಳು ತಡವಾದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಬಂದವರು ಮೊದಲು ಕೈ ತೊಳೆಯಲಿ.

ತಡ ಮಾಡದೆ ಹೊರಡಬೇಕಾದ ಲಕ್ಷಣಗಳು

* ಹಾಲು ಕುಡಿಯುತ್ತಿದ್ದ ಮಗು ಹಾಲು ಬಿಟ್ಟರೆ
* ಮುಟ್ಟಿ ಎಬ್ಬಿಸಿದರೆ ಮಾತ್ರ ಕೈಕಾಲು ಆಡಿಸಿದರೆ, ಅಥವಾ ಆಡಿಸದೇ ಇದ್ದರೆ
* ಶಾಂತವಾಗಿದ್ದಾಗ ಒಂದು ನಿಮಿಷ ಪೂರ್ತಿ ಎಣಿಸಿದಾಗ ಉಸಿರು 60 ಅಥವಾ ಹೆಚ್ಚಿದ್ದರೆ
* ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ
* ಫಿಟ್ಸ್ ಬಂದರೆ
* ಮೈಶಾಖ 95.9 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ, ಇಲ್ಲವೇ 100.4 ಅಥವಾ ಹೆಚ್ಚಿದ್ದರೆ

ಇವುಗಳಲ್ಲಿ ಒಂದೇ ಕಂಡರೂ ಸಾಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಜ್ವರ ಬಂದರೂ ಮನೆಮದ್ದು ಬೇಡ.

ಯಾವ ಆಸ್ಪತ್ರೆ ಅನ್ನುವುದನ್ನು ಹೆರಿಗೆಗೆ ಮೊದಲೇ ತೀರ್ಮಾನಿಸಿ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎನ್‌ಐಸಿಯು ಇದೆಯಾ, ರಾತ್ರಿ ಮಕ್ಕಳ ಡಾಕ್ಟರು ಇರ್ತಾರಾ ಕೇಳಿಟ್ಟುಕೊಳ್ಳಿ. ಇಎಸ್‌ಐ ಕಾರ್ಡ್ ಇದ್ದವರಿಗೆ ರಾಜಾಜಿನಗರದ ಆಸ್ಪತ್ರೆ ಇದೆ. 1935ರಿಂದ ನಡೆಯುತ್ತಿರುವ ವಾಣಿ ವಿಲಾಸ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಮಕ್ಕಳಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ ಚಿಕಿತ್ಸೆ ಉಂಟು. ಕೆಂಗೇರಿ ಕಡೆಯವರು ಸಂಜೆಯ ಮೈಸೂರು ರಸ್ತೆ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿದು, 108ಕ್ಕೆ ಬೇಗ ಫೋನ್ ಮಾಡಿ. ಹೋಗುವ ದಾರಿಯುದ್ದಕ್ಕೂ ಮಗು ಅಮ್ಮನ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ.