ಮೂವರ ಮೇಳ

೧೯೭೦ರ ಆಗಸ್ಟ್ ೨೯. ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದ ಸಂಗೀತೋತ್ಸವದಲ್ಲಿ ಲಕ್ಷಗಟ್ಟಲೆ ಜನ ನೆರೆದಿದ್ದರು. ಅಂದು ವೇದಿಕೆಯೇರಿದ ಮೂವರು ತರುಣರ ಮೇಳಕ್ಕೆ ಅದು ಎರಡನೆಯ ಕಚೇರಿಯಷ್ಟೆ. ರಷ್ಯದ ಮುಸೋರ್ಗ್‌ಸ್ಕಿ ಪಿಯಾನೋಗೆಂದು ರಚಿಸಿದ್ದ ‘ಪಿಕ್ಚರ್ಸ್ ಅಟ್ ಆನ್ ಎಗ್ಜಿಬಿಷನ್’ ಕೃತಿಯನ್ನು ರಾಕ್ ವಾದ್ಯಗಳಲ್ಲಿ ನುಡಿಸಿದ ಅವರು ಫಿರಂಗಿಯನ್ನೂ ಹಾರಿಸಿದರು!

ಮೂವರೂ ಹೊಸಬರಲ್ಲ. ಕೀತ್ ಎಮರ್ಸನ್ ‘ದಿ ನೈಸ್’ ತಂಡದಲ್ಲಿ ಆರ್ಗನ್ ನುಡಿಸಿ ಹೆಸರಾದವನು. ಗಾಯಕ ಗ್ರೆಗ್ ಲೇಕ್ ‘ಕಿಂಗ್ ಕ್ರಿಮ್ಸನ್’ ಬಿಟ್ಟು ಬಂದವನು. ‘ಅಟಾಮಿಕ್ ರೂಸ್ಟರ್’ ತಂಡದಿಂದ ಬಂದ ಡ್ರಮ್ ವಾದಕ ಕಾರ್ಲ್ ಪಾಮರನಿಗೆ ಆಗಿನ್ನೂ ಇಪ್ಪತ್ತು ವರ್ಷ. ಮೂವರ ಹೆಸರೇ ಮೇಳದ ಹೆಸರಾಯಿತು.

ಮೊದಲನೆಯ ಧ್ವನಿಮುದ್ರಿಕೆಗೆ ಇನ್ನೊಂದು ಹಾಡು ಬೇಕಾದಾಗ, ಲೇಕ್ ತಾನು ಹನ್ನೆರಡರ ಹುಡುಗನಾಗಿದ್ದಾಗ ಕಟ್ಟಿದ್ದ ‘ಲಕ್ಕಿ ಮ್ಯಾನ್’ ಹಾಡನ್ನು ಹೊರತೆಗೆದನು. ಅದರ ಕೊನೆಗೆ ಎಮರ್ಸನ್ ಮೂಗ್ ಎಂಬ ವಿದ್ಯುತ್ ವಾದ್ಯವನ್ನು ನುಡಿಸಿದನು. ಇಂದಿಗೂ ಜನ ನೆನೆಯುವುದು ಆ ನಾದವನ್ನೇ. ೧೯೭೧ರ ‘ಟಾರ್ಕಸ್’ ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿತು.

ಆಡಂಬರವೂ ಅದರೊಡನೆಯೇ ಬೆಳೆಯಿತು. ೧೯೭೪ರಲ್ಲಿ ಕ್ಯಾಲಿಫೋರ್ನಿಯದ ಉತ್ಸವದಲ್ಲಿ ಪಿಯಾನೋ, ವಾದಕನ ಸಮೇತ, ಆಕಾಶಕ್ಕೇರಿ ಗಿರಗಿರನೆ ತಿರುಗಿತು. ಸಂಗೀತಕ್ಕೆ ಇದೆಲ್ಲ ಏತಕ್ಕೆಂದು ವಿಮರ್ಶಕರು ಕೇಳಿದರು, ಕೇಳಿದ್ದು ತಪ್ಪೆನ್ನಲಾಗದು. ೧೯೭೭ರಲ್ಲಿ ಸುಮಾರು ಎಪ್ಪತ್ತು ಮಂದಿಯ ಆರ್ಕೆಸ್ಟ್ರಾವನ್ನು ಕಟ್ಟಿಕೊಂಡು ಅಮೆರಿಕ ಪ್ರವಾಸಕ್ಕೆ ಹೊರಟರು. ಖರ್ಚು ತಡೆಯದಾಯಿತು, ಆರ್ಕೆಸ್ಟ್ರಾವನ್ನು ನಡುದಾರಿಯಲ್ಲೇ ಕೈಬಿಟ್ಟು ಮೂವರೇ ಮುಂದುವರಿದರು. ೧೯೭೯ರ ಹೊತ್ತಿಗೆ ಮೇಳವೇ ಮುರಿಯಿತು.

೧೯೯೧ರಲ್ಲಿ ಮತ್ತೆ ಕೂಡಿದರು. ಆದರೆ ಎಮರ್ಸನ್ನನ ಬಲಗೈಯ ನರ ದುರ್ಬಲವಾಗತೊಡಗಿತ್ತು. ೧೯೯೩ರಲ್ಲಿ ಶಸ್ತ್ರಚಿಕಿತ್ಸೆಯಾಯಿತಾದರೂ ಕೈ ಮೊದಲಿನಂತಾಗಲಿಲ್ಲ. ವಾದಕನಿಗೆ ಇದಕ್ಕಿಂತ ದೊಡ್ಡ ಕಷ್ಟವುಂಟೆ? ೧೯೯೮ರಲ್ಲಿ ಪುನಃ ಅಗಲಿದವರು ೨೦೧೦ರ ಜುಲೈ ೨೫ರಂದು ಲಂಡನ್ನಿನ ವಿಕ್ಟೋರಿಯ ಪಾರ್ಕಿನಲ್ಲಿ ಒಂದೇ ಒಂದು ಸಂಜೆಗಾಗಿ ಕಲೆತರು. ಅದೇ ಕೊನೆಯ ಕಚೇರಿ.

೨೦೧೬ರ ಮಾರ್ಚ್ ೧೧ರಂದು, ಎಪ್ಪತ್ತೊಂದರ ವಯಸ್ಸಿನಲ್ಲಿ, ಎಮರ್ಸನ್ ತನ್ನ ಬಾಳನ್ನು ತಾನೇ ಮುಗಿಸಿಕೊಂಡನು. ಜಪಾನಿನ ಕಚೇರಿಗಳು ಸಮೀಪಿಸಿದ್ದುವು. ಸೋತ ಕೈಯಿಂದ ಕೇಳುಗರನ್ನು ನಿರಾಶೆಗೊಳಿಸುವೆನೆಂಬ ಅಳುಕು ಅವನನ್ನು ಕಾಡುತ್ತಿದ್ದಿತು. ಅದೇ ವರ್ಷದ ಡಿಸೆಂಬರ್ ೭ರಂದು ಲೇಕ್ ಕ್ಯಾನ್ಸರಿಗೆ ಬಲಿಯಾದನು.

ಉಳಿದವನು ಪಾಮರ್ ಒಬ್ಬನೆ. ಅಗಲಿದ ಗೆಳೆಯರ ಹಳೆಯ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸಿ, ಅವರ ವಾದನಕ್ಕೆ ಸರಿಯಾಗಿ ತಾನು ಡ್ರಮ್ ಬಾರಿಸುತ್ತ ಅವನು ಊರೂರು ಸುತ್ತಿದ್ದಾನೆ.